ಕೊಲಾಬಾದ 1,600: ಒಂದು ಅಂಕಿಯ ಪ್ರಕರಣ

ಪ್ರಕರಣ ಇಷ್ಟು. ಮುಲುಂಡಿನ ಒಬ್ಬಳು ಬಿಎಸ್ಸಿ ವಿದ್ಯಾರ್ಥಿನಿ ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ಪೋಸ್ಟರ್ ಮಾಡಿದ್ದಳು. ವಿಷಯ, ಭೂಮಿಗೆ ಬಡಿದ ದೊಡ್ಡ ಕಾಂತ ಬಿರುಗಾಳಿಗಳು, ಅಂದರೆ ಸೂರ್ಯನ ಕಡೆಯಿಂದ ಬಂದ ಹೊಡೆತಕ್ಕೆ ಭೂಮಿಯ ಕಾಂತಕ್ಷೇತ್ರ ಅಲುಗಾಡಿದ ಘಟನೆಗಳು. ಮನೆಯವರು ಕುಂದಾಪುರದ ಕಡೆಯವರು, ಮನೆಮಾತು ಕನ್ನಡ. ಪ್ರದರ್ಶನಕ್ಕೆ ಮೊದಲು ಹಿರಿಯರು ಯಾರಾದರೂ ನೋಡಲಿ ಅಂತ ಮಾಟುಂಗದ ನಮ್ಮ ಭಾನುವಾರದ ಕೂಟಕ್ಕೆ ತಂದಳು. ಕೂಟ ಅಂದರೆ ದೊಡ್ಡದೇನಲ್ಲ. ವಿಜ್ಞಾನವನ್ನು ಕನ್ನಡದಲ್ಲಿ ಹರಟುವ ಚಟ ಇರುವ ಕೆಲವರು ಸೇರುತ್ತೇವೆ, ಅಷ್ಟೇ. ನಿವೃತ್ತರೇ ಜಾಸ್ತಿ. ನಾನು ಫಿಸಿಕ್ಸ್ ಪಾಠ ಹೇಳುವವನು. ಟಿಪ್ಪಣಿ ಬರೆದಿಡುವ ಕೆಲಸ ನನಗೆ ಅಂಟಿಕೊಂಡಿದೆ.

ಪೋಸ್ಟರಿನ ನಡುವೆ ಮೂರು ಕಂಬಗಳ ಚಿತ್ರ. 1859ರ ಕಂಬಕ್ಕೆ 1,760. 1989ರದ್ದಕ್ಕೆ 589. 2024ರ ಮೇ ತಿಂಗಳದ್ದಕ್ಕೆ ಸುಮಾರು 400. ಮೂರೂ ನ್ಯಾನೊಟೆಸ್ಲಾ ಲೆಕ್ಕದಲ್ಲಿ, ಭೂಮಿಯ ಕಾಂತಕ್ಷೇತ್ರ ಎಷ್ಟು ಕುಸಿಯಿತು ಅನ್ನುವ ಅಳತೆ. ಕೆಳಗೆ ದಪ್ಪ ಅಕ್ಷರದಲ್ಲಿ: ‘1859ರದ್ದು ನಮ್ಮ ಮುಂಬೈಯ ಕೊಲಾಬಾದಲ್ಲಿ ಅಳೆದದ್ದು.’

ನೋಡಿದರೆ ಹೆಮ್ಮೆ ಆಗುವಂಥ ಚಿತ್ರವೇ. ನಮ್ಮಲ್ಲಿ ಒಬ್ಬರು ಎಂಜಿನಿಯರ್ ಇದ್ದಾರೆ. ದಾವಣಗೆರೆಯವರು, ವಿದ್ಯುತ್ ಜಾಲದ ಲೋಡ್ ಡಿಸ್ಪ್ಯಾಚ್ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರು ಕನ್ನಡಕ ಏರಿಸಿಕೊಂಡು ಕೇಳಿದರು: ‘ಇದು ಎಲ್ಲಿ ಅಳೆದದ್ದಮ್ಮಾ?’

‘ಕೊಲಾಬಾದಲ್ಲಿ ಅಂಕಲ್.’

‘ಸರಿ. ಈ 589?’

‘ಅದು ಡಿಎಸ್‌ಟಿ ಸೂಚ್ಯಂಕ, ಬಿರುಗಾಳಿ ಎಷ್ಟು ಜೋರು ಅಂತ ಹೇಳೋ ಅಂಕಿ. ಜಪಾನಿನ ಕ್ಯೋಟೋದವರು ಪ್ರಕಟಿಸೋದು.’

‘ಅಂದ್ರೆ ಅದನ್ನ ಅಳೆದದ್ದೆಲ್ಲಿ? ಕ್ಯೋಟೋದಲ್ಲಾ?’

ಹುಡುಗಿ ಸ್ವಲ್ಪ ತಡವರಿಸಿದಳು. ‘ನಾಲ್ಕು ಕಡೆ ಅಳೆದು ಸರಾಸರಿ ಮಾಡ್ತಾರೆ.’

‘ಹಾಗಾದ್ರೆ ಒಂದು ಕಡೆಯ ಅಳತೆ ಪಕ್ಕದಲ್ಲಿ ನಾಲ್ಕು ಕಡೆಯ ಸರಾಸರಿ ನಿಲ್ಲಿಸಿದ್ದೀಯಲ್ಲಾ?’

ಮುಂದಿನ ಕೆಲವು ವಾರ ಕೂಟಕ್ಕೆ ಬೇರೆ ವಿಷಯವೇ ಇರಲಿಲ್ಲ. ಮೂರೂ ಅಂಕಿಗಳು ಪ್ರಕಟವಾದ ಮೂಲಗಳಿಂದಲೇ ಬಂದವು. ಯಾವುದನ್ನೂ ಹುಡುಗಿ ಕೈಯಾರೆ ಹುಟ್ಟಿಸಿರಲಿಲ್ಲ. ಆದರೂ ಅವನ್ನು ಒಂದೇ ಸಾಲಿನಲ್ಲಿ ನಿಲ್ಲಿಸಬೇಕಾದರೆ ಎಷ್ಟೊಂದನ್ನು ಮೊದಲೇ ಒಪ್ಪಿಕೊಂಡಿರಬೇಕು! ಆ ಒಪ್ಪಿಗೆಗಳನ್ನು ಒಂದೊಂದಾಗಿ ಹೊರಗೆಳೆದ ಕಥೆ ಇದು.

ಕೊಲಾಬಾದಲ್ಲಿ ನಡೆದದ್ದು

ಕೊಲಾಬಾ ವೀಕ್ಷಣಾಲಯ 1826ರದ್ದು, ಈಸ್ಟ್ ಇಂಡಿಯಾ ಕಂಪನಿಯ ಕಾಲದ್ದು. ಬಂದರಿಗೆ ಬರುವ ಹಡಗುಗಳಿಗೆ ಸರಿಯಾದ ಸಮಯ ಕೊಡುವುದು, ಆಕಾಶ ನೋಡುವುದು ಅದರ ಮೊದಲ ಕೆಲಸ. ಕಾಂತಕ್ಷೇತ್ರದ ಅಳತೆ 1841ರಲ್ಲಿ ಶುರುವಾಯಿತು. ವಿಧಾನ ಹೀಗೆ: ಒಂದು ಕಾಂತವನ್ನು ತೂಗುಬಿಟ್ಟಿರುತ್ತಾರೆ. ಹೊರಗಿನ ಕ್ಷೇತ್ರ ಸ್ವಲ್ಪ ಬದಲಾದರೆ ಅದು ಸ್ವಲ್ಪ ತಿರುಗುತ್ತದೆ. ಎಷ್ಟು ತಿರುಗಿತು ಅನ್ನುವುದನ್ನು ದುರ್ಬೀನಿನ ಮೂಲಕ ಒಂದು ಸ್ಕೇಲಿನ ಮೇಲೆ ಓದಬೇಕು, ಓದಿ ಪುಸ್ತಕದಲ್ಲಿ ಬರೆಯಬೇಕು. ಮಾಮೂಲಿ ದಿನಗಳಲ್ಲಿ ಗಂಟೆಗೊಂದು ಸಲ. ಸೂಜಿ ಕುಣಿಯಲು ಶುರುವಾದರೆ 15 ನಿಮಿಷಕ್ಕೆ, ಕೆಲವೊಮ್ಮೆ 5 ನಿಮಿಷಕ್ಕೆ.

1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನಲ್ಲಿ ರಿಚರ್ಡ್ ಕ್ಯಾರಿಂಗ್ಟನ್ ಸೂರ್ಯಕಲೆಗಳ ಚಿತ್ರ ಬರೆಯುತ್ತಿದ್ದಾಗ ಅವುಗಳ ಮಧ್ಯೆ ಕಣ್ಣು ಕುಕ್ಕುವ ಬೆಳಕೊಂದು ಕಾಣಿಸಿ ಕೆಲವೇ ನಿಮಿಷದಲ್ಲಿ ಆರಿತು. ರಿಚರ್ಡ್ ಹಾಜ್ಸನ್ ಅನ್ನುವ ಇನ್ನೊಬ್ಬರೂ ಬೇರೆ ಕಡೆಯಿಂದ ಅದನ್ನೇ ಕಂಡಿದ್ದರು. ಸುಮಾರು ಹದಿನೇಳೂವರೆ ಗಂಟೆ ಕಳೆದ ಮೇಲೆ ಭೂಮಿಯ ಕಾಂತಕ್ಷೇತ್ರ ಅಲ್ಲೋಲಕಲ್ಲೋಲ ಆಯಿತು. ಮಾಮೂಲಾಗಿ ಧ್ರುವಗಳ ಹತ್ತಿರ ಆಕಾಶದಲ್ಲಿ ಕಾಣುವ ಬಣ್ಣದ ಬೆಳಕು, ಧ್ರುವಪ್ರಭೆ, ಕ್ಯೂಬಾದಷ್ಟು ಕೆಳಗಿನ ಅಕ್ಷಾಂಶದಲ್ಲೂ ಕಂಡಿತು. ಅಮೆರಿಕದಲ್ಲಿ ಬಾಸ್ಟನ್ ಮತ್ತು ಪೋರ್ಟ್‌ಲ್ಯಾಂಡ್ ನಡುವಿನ ತಂತಿ ಕಚೇರಿಯವರು ಬ್ಯಾಟರಿ ಕಳಚಿಟ್ಟು, ತಂತಿಯಲ್ಲಿ ತಾನಾಗಿಯೇ ಹರಿಯುತ್ತಿದ್ದ ಕರೆಂಟಿನಿಂದಲೇ ಸಂದೇಶ ಕಳಿಸಿದರು.

ಸೆಪ್ಟೆಂಬರ್ 2ರಂದು, ಮುಂಬೈಯಲ್ಲಿ ನಡುಹಗಲಿಗೆ ಸ್ವಲ್ಪ ಮುಂಚೆ, ಕೊಲಾಬಾದ ಅಳತೆ ಧಡಕ್ಕನೆ ಇಳಿಯಿತು. ಇಲ್ಲಿ ಕಾಂತಕ್ಷೇತ್ರದ ಸಮತಲ ಭಾಗ, ಅಂದರೆ ನೆಲಕ್ಕೆ ಸಮಾನಾಂತರವಾಗಿರುವ ಪಾಲು, ಸುಮಾರು 37-38 ಸಾವಿರ ನ್ಯಾನೊಟೆಸ್ಲಾ. ಅದರಲ್ಲಿ 1,600 ಕಡಿಮೆಯಾಯಿತು. ಹೆಚ್ಚು ಹೊತ್ತು ಅಲ್ಲೇ ನಿಲ್ಲಲಿಲ್ಲ, ಬೇಗ ಬೇಗ ಮೇಲೆ ಬಂತು. ಅಂದಿನ ಪುಸ್ತಕದಲ್ಲಿ ನ್ಯಾನೊಟೆಸ್ಲಾ ಅಂತ ಬರೆದಿರಲಿಲ್ಲ ಅನ್ನೋದು ಬೇರೆ ಮಾತು. ಆ ಮಾನವೇ ಆಗ ಹುಟ್ಟಿರಲಿಲ್ಲ.

ಲಂಡನ್ ಪಕ್ಕದ ಗ್ರೀನ್‌ವಿಚ್ ಮತ್ತು ಕ್ಯೂ ವೀಕ್ಷಣಾಲಯಗಳಲ್ಲಿ ಆಗಲೇ ಫೋಟೋ ಕಾಗದದ ಮೇಲೆ ತಾನಾಗಿ ದಾಖಲಿಸುವ ಯಂತ್ರ ಇತ್ತು. ಬಿರುಗಾಳಿ ಎಷ್ಟು ಜೋರಾಗಿತ್ತೆಂದರೆ ಗೆರೆ ಕಾಗದದ ಅಂಚು ದಾಟಿ ಹೋಯಿತು. ಕೊಲಾಬಾದಲ್ಲಿ ಕಣ್ಣಿಟ್ಟು ಓದುತ್ತಿದ್ದ ಮನುಷ್ಯನಿದ್ದ, ಹಾಗಾಗಿ ಅಂಕಿ ಉಳಿಯಿತು. ಹಳೇ ಪದ್ಧತಿ ಹೊಸ ಯಂತ್ರವನ್ನು ಮೀರಿಸಿದ್ದು ಕೇಳಲು ಚೆನ್ನಾಗಿದೆ. ಆದರೆ ಇದರಲ್ಲೇ ಒಂದು ತೊಡಕೂ ಇದೆ. ಸಮಭಾಜಕದ ಹತ್ತಿರದ ಪೂರ್ತಿ ದಾಖಲೆ ಅಂತ ಕೈಗೆ ಸಿಕ್ಕಿದ್ದು ಇದೊಂದೇ ಆದ್ದರಿಂದ, ಇದೇ ಇಡೀ ಭೂಮಿಯ ಪ್ರತಿನಿಧಿ ಅನ್ನುವ ಸ್ಥಾನ ಇದಕ್ಕೆ ತಾನಾಗಿ ಸಿಕ್ಕಿಬಿಟ್ಟಿತು. ಯಾರೂ ಆರಿಸಿ ಕೊಟ್ಟದ್ದಲ್ಲ.

1,600 ಹೋಗಿ 1,760 ಆದದ್ದು

ಪೋಸ್ಟರಿನ ಅಡಿಬರಹದಲ್ಲಿ ಕೊಲಾಬಾದ ಅಳತೆ ಅಂತಿತ್ತು, ಕಂಬದ ಮೇಲೆ 1,760 ಇತ್ತು. ಕೊಲಾಬಾ 1,760 ಅಳೆದೇ ಇಲ್ಲ. ಆ ಅಂಕಿ ಬಂದ ದಾರಿ ಬೇರೆ.

2003ರಲ್ಲಿ ಬ್ರೂಸ್ ಸುರುತಾನಿ ಅವರ ತಂಡ 1859ರ ಬಿರುಗಾಳಿಯ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿತು. ಅದರಲ್ಲಿ ಭಾರತೀಯ ಭೂಕಾಂತ ಸಂಸ್ಥೆಯ ವಿಜ್ಞಾನಿಗಳೂ ಇದ್ದರು. ಮೂಲೆ ಸೇರಿದ್ದ ಕೊಲಾಬಾದ ದಾಖಲೆಗೆ ಜಗತ್ತಿನ ಗಮನ ಬಂದದ್ದು ಆಗಲೇ. ಅವರು ಎರಡು ದಾರಿ ಹಿಡಿದರು. ಧ್ರುವಪ್ರಭೆ ಎಷ್ಟು ಕೆಳಗಿನ ಅಕ್ಷಾಂಶದವರೆಗೆ ಕಂಡಿತು ಅನ್ನುವ ವರದಿಗಳಿಂದ ಲೆಕ್ಕ ಹಾಕಿ, ಡಿಎಸ್‌ಟಿ ಮೈನಸ್ 1,760 ಇದ್ದಿರಬೇಕು ಅಂದರು (ಮೈನಸ್ ಅಂದರೆ ಅಷ್ಟು ಕುಸಿತ). ಕೊಲಾಬಾದ ಮೈನಸ್ 1,600, ಹತ್ತು ಹೆಚ್ಚು ಕಡಿಮೆ, ಇದಕ್ಕೆ ಹೊಂದುತ್ತದೆ ಅಂದರು.

ಎರಡು ಬೇರೆ ದಾರಿ, ಉತ್ತರ ಹತ್ತಿರ ಹತ್ತಿರ. ಯಾರಿಗಾದರೂ ನಂಬಿಕೆ ಬರುತ್ತೆ ಅಲ್ವಾ? ಹುಡುಗಿಯೂ ಅದನ್ನೇ ಹೇಳಿದಳು. ಅವಳ ವಾದ ಸರಿಯಾದದ್ದೇ. ಎರಡು ದಾರಿಗಳು ನಿಜವಾಗಿ ಬೇರೆ ಬೇರೆ ಆಗಿದ್ದರೆ ಅದು ಗಟ್ಟಿ ಸಾಕ್ಷಿ. ಆದರೆ ಇಲ್ಲಿ ಎರಡೂ ದಾರಿ ಒಂದೇ ಬಾಗಿಲಿನಿಂದ ಹೊರಡುತ್ತವೆ: ಕುಸಿತಕ್ಕೆ ಕಾರಣ ಉಂಗುರ ಪ್ರವಾಹ.

ಉಂಗುರ ಪ್ರವಾಹ ಅಂದರೆ, ಬಿರುಗಾಳಿ ಬಂದಾಗ ವಿದ್ಯುದಾವೇಶದ ಕಣಗಳು ಭೂಮಿಯಿಂದ ಸಾವಿರಾರು ಕಿಲೋಮೀಟರ್ ಎತ್ತರದಲ್ಲಿ ಸುತ್ತು ಹಾಕುತ್ತ ಹರಿಸುವ ಕರೆಂಟು. ಅದರ ಕಾಂತಕ್ಷೇತ್ರ ಭೂಮಿಯದ್ದಕ್ಕೆ ವಿರುದ್ಧ. ಅದಕ್ಕೇ ಸಮಭಾಜಕದ ಹತ್ತಿರ ಎಲ್ಲ ಕಡೆ ಅಳತೆ ಇಳಿಯುತ್ತದೆ. ಡಿಎಸ್‌ಟಿ ಸೂಚ್ಯಂಕ ಹುಟ್ಟಿದ್ದೇ ಇದನ್ನು ಹಿಡಿಯಲು. ಹೊನೊಲುಲು, ಸಾನ್ ಹುವಾನ್, ದಕ್ಷಿಣ ಆಫ್ರಿಕಾದ ಹರ್ಮಾನಸ್, ಜಪಾನಿನ ಕಕಿಯೋಕ, ಈ ನಾಲ್ಕು ಕಡೆಯ ಗಂಟೆಯ ಸರಾಸರಿಗಳಿಂದ ಅದನ್ನು ಕಟ್ಟುತ್ತಾರೆ. ನಾಲ್ಕೂ ಭೂಮಿಯ ಬೇರೆ ಬೇರೆ ಪಕ್ಕದಲ್ಲಿವೆ. ಒಂದು ಕಡೆ ಹಗಲಾದರೆ ಇನ್ನೊಂದು ಕಡೆ ರಾತ್ರಿ. ಕಾರಣ ಇದೆ. ಒಂದೇ ಊರಿನ ಮೇಲಿನ ಸ್ಥಳೀಯ ಗಲಾಟೆ ಸರಾಸರಿಯಲ್ಲಿ ಕರಗಲಿ ಅಂತ.

ದಾದರ್ ಸ್ಟೇಷನ್ನಿನಲ್ಲಿ ಬೆಳಗ್ಗೆ ಒಂದು ಫಾಸ್ಟ್ ಲೋಕಲ್ ಬಂದು ನಿಂತ ಕ್ಷಣದ ಜನರನ್ನು ಎಣಿಸಿ, ಇದು ಮುಂಬೈಯ ಎಲ್ಲ ಸ್ಟೇಷನ್ನುಗಳ ಗಂಟೆಯ ಸರಾಸರಿ ಅಂದರೆ ಯಾರೂ ಒಪ್ಪಲ್ಲ. 1859ರ ಕಂಬ ಮಾಡಿದ್ದು ಅದನ್ನೇ. ಒಂದು ಊರು, ಒಂದು ಕ್ಷಣ.

ಕ್ಷಣದ ಮಾತಿಗೆ ಮೊದಲು ಬರೋಣ, ಅದು ಸುಲಭ. 1989ರ 589 ಗಂಟೆಯ ಸರಾಸರಿ. ಅದೇ ಬಿರುಗಾಳಿಯನ್ನು ನಿಮಿಷದ ಲೆಕ್ಕದ ಸೂಚ್ಯಂಕದಲ್ಲಿ ನೋಡಿದರೆ ಕುಸಿತ 700 ದಾಟುತ್ತದೆ. ಅಂದರೆ ಸರಾಸರಿ ಮಾಡುವ ಕಾಲದ ಕಿಟಕಿ ಸಣ್ಣದಾದಷ್ಟೂ ಅಂಕಿ ದೊಡ್ಡದು. ಕೊಲಾಬಾದ 1,600 ಒಂದು ಓದಿನ ಅಂಕಿ, ಸರಾಸರಿ ಅಲ್ಲ. 2006ರಲ್ಲಿ ಜಾರ್ಜ್ ಸಿಸ್ಕೋ ಮತ್ತು ಜೊತೆಗಾರರು ಅದನ್ನು ಗಂಟೆಯ ಸರಾಸರಿಗೆ ಇಳಿಸಿ ನೋಡಿದರು. ಬಂದದ್ದು ಮೈನಸ್ 850. ಅಂಕಿ ಅರ್ಧಕ್ಕರ್ಧ! ಹೊಸ ಅಳತೆ ಯಾವುದೂ ಬಂದಿರಲಿಲ್ಲ. ಅದೇ ಪುಸ್ತಕ, ಅದೇ ಓದುಗಳು. ಆಮೇಲೆ ಬಂದ ಬೇರೆ ಕೆಲವು ಲೆಕ್ಕಗಳೂ 900ರ ಆಸುಪಾಸಿನಲ್ಲೇ ನಿಂತವು.

ಇಲ್ಲಿ ಹುಡುಗಿ ಒಂದು ಒಳ್ಳೆ ಪ್ರಶ್ನೆ ಹಾಕಿದಳು. ‘ಓದಿದ್ದೇ 5 ನಿಮಿಷಕ್ಕೆ, 15 ನಿಮಿಷಕ್ಕೆ ಅಂದಮೇಲೆ, ಎರಡು ಓದುಗಳ ಮಧ್ಯೆ ಇನ್ನೂ ಆಳಕ್ಕೆ ಹೋಗಿದ್ರೆ?’ ಹೋಗಿರಬಹುದು. 1,600 ಅನ್ನುವುದು ಅತಿ ಕೆಳಗಿನ ಬಿಂದು ಅಂತ ನಾವು ಅಂದುಕೊಂಡಿದ್ದೇವೆ. ನಿಜದಲ್ಲಿ ಅದು ಯಾರೋ ದುರ್ಬೀನಿಗೆ ಕಣ್ಣಿಟ್ಟ ಹೊತ್ತಿನ ಬಿಂದು. ಸಿಸ್ಕೋ ತಂಡದ ಸರಾಸರಿಗೂ ಇದು ಅನ್ವಯ. ಮಧ್ಯದ ಹೊತ್ತಿನಲ್ಲಿ ಗೆರೆ ನೇರವಾಗಿ ಹೋಯಿತು ಅಂತ ಒಪ್ಪದೆ ಸರಾಸರಿಯೇ ಬರಲ್ಲ.

ಇನ್ನು ಆ ‘ಹತ್ತು ಹೆಚ್ಚು ಕಡಿಮೆ’. ನಮ್ಮ ಕೂಟದಲ್ಲಿ ಎಲ್ಲರನ್ನೂ ಮೋಸ ಮಾಡಿದ್ದು ಇದೇ ಅಂತ ನನಗನಿಸುತ್ತದೆ. 1,600ರಲ್ಲಿ 10 ಅಂದರೆ ನೂರಕ್ಕೆ ಒಂದು ಪಾಲೂ ಇಲ್ಲ. ಇಷ್ಟು ನಿಖರವಾದ ಅಂಕಿಯನ್ನು ಯಾರು ಅನುಮಾನಿಸುತ್ತಾರೆ? ಆದರೆ ಆ 10, ಸ್ಕೇಲನ್ನು ಎಷ್ಟು ಸರಿಯಾಗಿ ಓದಿದರು ಅನ್ನುವುದಕ್ಕೆ ಉತ್ತರ. ಓದಿದ್ದು ಏನನ್ನು ಅನ್ನುವುದಕ್ಕೆ ಅಲ್ಲ. ಪರೀಕ್ಷೆಗೆ ಓದುವ ಮಕ್ಕಳಿಗೆ ದೋಷ ಅಂದರೆ ಉಪಕರಣದ ದೋಷ ಅಂತಲೇ ಕಲಿಸುತ್ತೇವೆ. ವರ್ನಿಯರ್ ಕ್ಯಾಲಿಪರ್ಸಿನ ಕೊನೇ ಗೆರೆ, ಸ್ಟಾಪ್‌ವಾಚಿನ ಕೊನೇ ಅಂಕಿ. ಅರ್ಥ ಮಾಡಿಕೊಳ್ಳುವುದರಲ್ಲಿ ಆಗುವ ತಪ್ಪಿಗೆ ಯಾವ ಪ್ರಾಕ್ಟಿಕಲ್ ಪುಸ್ತಕದಲ್ಲೂ ಒಂದು ಕಾಲಂ ಇಲ್ಲ.

ಯಾವ ಕರೆಂಟು?

ಈಗ ಊರಿನ ಮಾತು. ಕುಸಿತಕ್ಕೆ ಕಾರಣ ಉಂಗುರ ಪ್ರವಾಹವೇ ಅಂತ ಹೇಗೆ ಗೊತ್ತು?

ಎರಡು ಸಂಗತಿ ಕಣ್ಣಿಗೆ ಚುಚ್ಚುತ್ತವೆ. ಒಂದು, ಚೇತರಿಕೆಯ ವೇಗ. ಉಂಗುರ ಪ್ರವಾಹ ಒಮ್ಮೆ ಬೆಳೆದರೆ ಕರಗಲು ಗಂಟೆಗಟ್ಟಲೆ, ದಿನಗಟ್ಟಲೆ ಬೇಕು. ಕೊಲಾಬಾದ ಗೆರೆ ಮೊಳೆಯ ಹಾಗೆ ಚೂಪಾಗಿ ಇಳಿದು ಬೇಗ ಏರಿದೆ. ಇನ್ನೊಂದು, ಹೊತ್ತು. ಬಿರುಗಾಳಿಯ ಮುಖ್ಯ ಹಂತದಲ್ಲಿ ಉಂಗುರ ಎಲ್ಲ ಕಡೆ ಸಮ ಇರಲ್ಲ, ಸಾಮಾನ್ಯವಾಗಿ ಸಂಜೆಯ ಪಕ್ಕದಲ್ಲಿ ಜೋರು. ಕೊಲಾಬಾ ಆಗ ನಡುಹಗಲಿನ ಪಕ್ಕದಲ್ಲಿತ್ತು. ನಡುಹಗಲಲ್ಲೇ 1,600 ಅಂದರೆ, ಸಂಜೆಯ ಪಕ್ಕದಲ್ಲಿ ಇನ್ನೆಷ್ಟಿತ್ತು? ಊಹಿಸಲಾಗದಷ್ಟು ದೊಡ್ಡ ಬಿರುಗಾಳಿ ಅನ್ನಬೇಕು, ಇಲ್ಲವೇ ಕೊಲಾಬಾದ ಮೇಲೆ ಬೇರೆ ಯಾವುದೋ ಕರೆಂಟು ಹಾದುಹೋಯಿತು ಅನ್ನಬೇಕು.

2005ರಲ್ಲೇ ಅಕಾಸೋಫು ಮತ್ತು ಕಮಿದೆ 2003ರ ಪ್ರಬಂಧಕ್ಕೆ ಆಕ್ಷೇಪ ಎತ್ತಿದ್ದರು. ಧ್ರುವಗಳ ಕಡೆ ಹರಿಯುವ ಧ್ರುವಪ್ರಭೆಯ ಪ್ರವಾಹಗಳು ಅಂಥ ಬಿರುಗಾಳಿಯಲ್ಲಿ ಕೆಳಗಿನ ಅಕ್ಷಾಂಶಕ್ಕೆ ಸರಿಯುತ್ತವೆ. ಅವುಗಳ ಪ್ರಭಾವ ಸ್ಥಳೀಯ, ಚೂಪು, ಬೇಗ ಬಂದು ಬೇಗ ಹೋಗುವಂಥದ್ದು. ಹತ್ತು ವರ್ಷ ಕಳೆದ ಮೇಲೆ ಸ್ಪೇನಿನ ಕಾನ್ಸುವೆಲೊ ಸಿದ್ ಅವರ ತಂಡ ಒಂದು ಹೋಲಿಕೆ ತಂದಿಟ್ಟಿತು. 2003ರ ಅಕ್ಟೋಬರ್ 29ರಂದು ಹಂಗೇರಿಯ ತಿಹಾನಿ ವೀಕ್ಷಣಾಲಯದ ಗೆರೆ ಕೊಲಾಬಾದ ಗೆರೆಯನ್ನೇ ಹೋಲುವಂತೆ ಇಳಿದು ಏರಿತ್ತು. ಆ ಹೊತ್ತಿನ ಡಿಎಸ್‌ಟಿಯಲ್ಲಿ ಅದರ ಸುಳಿವಿರಲಿಲ್ಲ. ಅಂದರೆ ಒಂದು ಊರಲ್ಲಿ ಪ್ರಳಯ, ನಾಲ್ಕೂರಿನ ಸರಾಸರಿಯಲ್ಲಿ ಏನೂ ಇಲ್ಲ. ಹೀಗೂ ಆಗಬಹುದು ಅನ್ನುವುದಕ್ಕೆ ಅದೊಂದು ಜೀವಂತ ಉದಾಹರಣೆ.

ಹಾಗಂತ ಉಂಗುರ ಪ್ರವಾಹದ ಪಕ್ಷ ಸೋತಿತು ಅಂತಲ್ಲ. ಬಹಳ ದಟ್ಟವಾದ ಸೌರಮಾರುತ (ಸೂರ್ಯನಿಂದ ಹೊರಟು ಬರುವ ಕಣಗಳ ಹರಿವು) ಬಂದರೆ ಉಂಗುರ ಬೇಗ ಬೆಳೆದು ಬೇಗ ಕರಗುವುದೂ ಸಾಧ್ಯ ಅಂತ ತೋರಿಸಿದವರಿದ್ದಾರೆ. ತಿಹಾನಿ ಕೊಲಾಬಾಗಿಂತ ಬಹಳ ಉತ್ತರದಲ್ಲಿದೆ, ಅಲ್ಲಿ ಆದದ್ದು ಇಲ್ಲೂ ಆಗುತ್ತೆ ಅನ್ನುವುದೂ ಒಂದು ಊಹೆಯೇ. ನನ್ನನ್ನು ಕೇಳಿದರೆ, 589ರ ಪಕ್ಕದಲ್ಲಿ ನಿಲ್ಲಿಸಲು 850-900 ಹೆಚ್ಚು ನ್ಯಾಯದ ಅಂಕಿ. ಆ ಕುಸಿತದಲ್ಲಿ ಉಂಗುರದ ಪಾಲೆಷ್ಟು ಅನ್ನುವ ಜಗಳ ಮಾತ್ರ ತೆರೆದೇ ಇದೆ.

ಎಲ್ಲ ಊಹೆಯನ್ನೂ ಒಂದೇ ತೂಕದಲ್ಲಿ ಅನುಮಾನಿಸಬೇಕಾಗಿಲ್ಲ. ಕೂಟದಲ್ಲಿ ಒಬ್ಬರು, ನಡುಹಗಲಲ್ಲಿ ಬಿಸಿಲಿನ ಪ್ರಭಾವದಿಂದ ದಿನಾ ಆಗುವ ಕಾಂತಕ್ಷೇತ್ರದ ಏರಿಳಿತವನ್ನು ಕಳೆದಿದ್ದಾರಾ ಅಂತ ಪಟ್ಟು ಹಿಡಿದರು. ಒಳ್ಳೆ ಪ್ರಶ್ನೆ. ಆದರೆ ಆ ಏರಿಳಿತ ನ್ಯಾನೊಟೆಸ್ಲಾ ಹತ್ತುಗಳ ಲೆಕ್ಕದ್ದು. ಹೇಗೆ ಕಳೆದರೂ 1,600ರ ಕಥೆ ಬದಲಾಗಲ್ಲ. ಕಳೆಯದೇ ಬಿಟ್ಟರೂ ಬದಲಾಗಲ್ಲ. ಸರಾಸರಿಯ ಊಹೆ ಮಾತ್ರ ಅಂಕಿಯನ್ನು ಅರ್ಧ ಮಾಡುತ್ತದೆ. ಜಗಳ ಆಡುವುದಿದ್ದರೆ ಅಲ್ಲಿ ಆಡಬೇಕು.

ಕೆಲ್ವಿನ್ನರ ಲೆಕ್ಕ

ಈ ಬಿರುಗಾಳಿಯ ಕಥೆಯಲ್ಲಿ ಇದಕ್ಕಿಂತ ಹಳೆಯ ಎಡವಟ್ಟು ಒಂದಿದೆ. ಎಡವಿದವರು ಸಣ್ಣವರಲ್ಲ, ಲಾರ್ಡ್ ಕೆಲ್ವಿನ್.

ಕ್ಯಾರಿಂಗ್ಟನ್ ಕಂಡಂಥ ಸೂರ್ಯನ ಜ್ವಾಲೆಗೂ ಭೂಮಿಯ ಕಾಂತ ಬಿರುಗಾಳಿಗೂ ಸಂಬಂಧ ಇದೆಯಾ ಅನ್ನುವುದು 1859ರಿಂದಲೇ ಪ್ರಶ್ನೆ. ಕ್ಯಾರಿಂಗ್ಟನ್ ಸ್ವತಃ ಆತುರ ಪಡಲಿಲ್ಲ. ಒಂದೇ ಘಟನೆಯಿಂದ ತೀರ್ಮಾನ ಬೇಡ ಅಂದುಕೊಂಡವರು ಅವರು. 1892ರ ನವೆಂಬರಿನಲ್ಲಿ ರಾಯಲ್ ಸೊಸೈಟಿಯ ಅಧ್ಯಕ್ಷರಾಗಿದ್ದ ಕೆಲ್ವಿನ್ ಲೆಕ್ಕ ಹಾಕಿ ತೋರಿಸಿದರು: 1885ರ ಜೂನಿನ ಒಂದು ಬಿರುಗಾಳಿಯನ್ನು ಸೂರ್ಯನೇ ಮಾಡಬೇಕಿದ್ದರೆ, ಮಾಮೂಲಾಗಿ ನಾಲ್ಕು ತಿಂಗಳಲ್ಲಿ ಬೆಳಕು ಮತ್ತು ಶಾಖವಾಗಿ ಹೊರಹಾಕುವಷ್ಟು ಶಕ್ತಿಯನ್ನು ಎಂಟು ಗಂಟೆಯಲ್ಲಿ ಖರ್ಚು ಮಾಡಬೇಕು. ಸಾಧ್ಯವೇ ಇಲ್ಲ, ಹಾಗಾಗಿ ಹೊಂದಿಕೆ ಬರೀ ಕಾಕತಾಳೀಯ.

ಗುಣಾಕಾರ ಭಾಗಾಕಾರದಲ್ಲಿ ತಪ್ಪಿಲ್ಲ. ಸೂರ್ಯ ಒಂದು ಕಾಂತದ ಹಾಗೆ ತನ್ನ ಪ್ರಭಾವವನ್ನು ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತಾನೆ ಅಂತ ಒಳಗೊಳಗೇ ಒಪ್ಪಿಕೊಂಡು ಲೆಕ್ಕ ಶುರು ಮಾಡಿದ್ದರು. ಒಂದೇ ದಿಕ್ಕಿನಲ್ಲಿ ಕಣಗಳ ರಾಶಿ ಎರಚಿದರೆ ಇಷ್ಟು ಶಕ್ತಿ ಬೇಕಾಗಿಯೇ ಇಲ್ಲ. 1904ರಲ್ಲಿ ಎಡ್ವರ್ಡ್ ಮೌಂಡರ್, ಬಿರುಗಾಳಿಗಳು ಸುಮಾರು 27 ದಿನಕ್ಕೊಮ್ಮೆ ಮರುಕಳಿಸುವುದನ್ನು ತೋರಿಸಿದರು. ಭೂಮಿಯಿಂದ ನೋಡಿದರೆ ಸೂರ್ಯ ಒಂದು ಸುತ್ತು ತಿರುಗಲು ಹಿಡಿಯುವ ಕಾಲ ಅದೇ. ಸೂರ್ಯನ ಒಂದು ಜಾಗದಿಂದ ಹೊರಟ ಕಿರಿದಾದ ಧಾರೆ ಭೂಮಿಗೆ ಮತ್ತೆ ಮತ್ತೆ ತಾಗಿದರೆ ಮಾತ್ರ ಹೀಗಾಗಲು ಸಾಧ್ಯ.

ಹುಡುಗಿಗೆ ಈ ಕಥೆ ಬಹಳ ಹಿಡಿಸಿತು. ಕೆಲ್ವಿನ್ ಅಷ್ಟು ದೊಡ್ಡವರಾದರೂ ತಪ್ಪಿದರಲ್ಲ ಅಂತ. ನನಗೆ ಬೇರೆ ಕಾರಣಕ್ಕೆ ಹಿಡಿಸುತ್ತದೆ. ಅವರು ತಮ್ಮ ಲೆಕ್ಕವನ್ನು ಸಾಲು ಸಾಲಾಗಿ ಬಿಡಿಸಿಟ್ಟಿದ್ದರಿಂದಲೇ ಎಲ್ಲಿ ಎಡವಿದರು ಅಂತ ಬೇರೆಯವರಿಗೆ ಬೆರಳಿಟ್ಟು ತೋರಿಸಲು ಆಯಿತು.

ಅಲಿಬಾಗಿಗೆ ಹೋದ ಕಾಂತ

ಇನ್ನೊಂದು ಘಟನೆ ಇದಕ್ಕೆ ತದ್ವಿರುದ್ಧ, ಇದೂ ಮುಂಬೈಯದ್ದೇ. ಇಲ್ಲಿ ಊಹೆ ಮಾಡಿಕೊಂಡು ಸುಮ್ನಿರಬಹುದಿತ್ತು, ಆದರೆ ಇರಲಿಲ್ಲ.

1900ರ ಹೊತ್ತಿಗೆ ಮುಂಬೈಯ ಕುದುರೆ ಟ್ರಾಮುಗಳನ್ನು ವಿದ್ಯುತ್ತಿಗೆ ಬದಲಿಸುವ ಯೋಜನೆ ಬಂತು. ಟ್ರಾಮಿನ ಡಿಸಿ ಕರೆಂಟು ಹಳಿಯಲ್ಲಿ ಮರಳುವಾಗ ನೆಲಕ್ಕೂ ಸೋರುತ್ತದೆ. ಕೊಲಾಬಾದ ಸೂಕ್ಷ್ಮ ಕಾಂತಗಳು ಅದನ್ನೂ ಅಳೆಯುತ್ತವೆ. ಸೂರ್ಯ ಯಾವುದು, ಟ್ರಾಮ್ ಯಾವುದು ಅಂತ ಪುಸ್ತಕದಲ್ಲಿ ಗೊತ್ತಾಗಲ್ಲ. ಆಗ ವೀಕ್ಷಣಾಲಯದ ಮುಖ್ಯಸ್ಥರು ನಾನಾಭಾಯ್ ಅರ್ದೇಶಿರ್ ಮೂಸ್, ಆ ಸ್ಥಾನಕ್ಕೆ ಬಂದ ಮೊದಲ ಭಾರತೀಯ. ಅವರು ಕೊಲ್ಲಿಯ ಆಚೆ ಅಲಿಬಾಗಿನಲ್ಲಿ ಹೊಸ ಕಟ್ಟಡ ಮಾಡಿಸಿದರು. ಕಬ್ಬಿಣ ಸೋಕಿಸದೆ, ಪೋರ್‌ಬಂದರಿನ ಕಾಂತಗುಣವಿಲ್ಲದ ಕಲ್ಲು, ಹಿತ್ತಾಳೆ, ತಾಮ್ರದಲ್ಲಿ. ಅಲಿಬಾಗ್ 1904ರಲ್ಲಿ ಕೆಲಸ ಶುರು ಮಾಡಿತು. ವಿದ್ಯುತ್ ಟ್ರಾಮ್ ಓಡಿದ್ದು 1907ರಲ್ಲಿ.

ಅಲಿಬಾಗಿಗೂ ಕೊಲಾಬಾಗೂ ಸುಮಾರು 30 ಕಿಲೋಮೀಟರ್ ಅಂತರ. ಭೂಮಿಯ ಲೆಕ್ಕದಲ್ಲಿ ಏನೂ ಅಲ್ಲ. ‘ಎರಡೂ ಒಂದೇ’ ಅಂದುಕೊಂಡು ಹಳೇ ಪುಸ್ತಕ ಮುಚ್ಚಿ ಹೊಸದನ್ನು ತೆರೆದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವರು 1904ರಿಂದ 1906ರವರೆಗೆ ಎರಡೂ ಕಡೆ ಒಟ್ಟಿಗೆ ಅಳೆದರು. ಎರಡು ಕಡೆಯ ವ್ಯತ್ಯಾಸ ಎಷ್ಟು ಅಂತ ಅಂಕಿಯಲ್ಲೇ ಸಿಕ್ಕಿತು. ಕೊಲಾಬಾ-ಅಲಿಬಾಗ್ ಸರಣಿಯನ್ನು ಇವತ್ತು ಒಂದೇ ಎಳೆಯಾಗಿ ಓದಲು ಆಗುವುದು ಇದರಿಂದಲೇ.

ಎಂಜಿನಿಯರ್ ಇದನ್ನು ಕೇಳಿ, ‘ನಮ್ಮ ಮೀಟರ್ ಬದಲಾಯಿಸುವಾಗ ಒಂದು ವಾರ ಎರಡನ್ನೂ ಓಡಿಸ್ರಪ್ಪಾ ಅಂದ್ರೆ ಮೇಲಿನವರು ಟೈಮ್ ವೇಸ್ಟ್ ಅಂತಿದ್ರು’ ಅಂದರು.

ಅಪಾಯದ ಲೆಕ್ಕ

ಪೋಸ್ಟರಿನ ಬಲಬದಿಯಲ್ಲಿ ಇನ್ನೊಂದು ಸಾಲಿತ್ತು: ‘ಮುಂದಿನ ಹತ್ತು ವರ್ಷದಲ್ಲಿ ಇಂಥ ಬಿರುಗಾಳಿ ಬರುವ ಸಾಧ್ಯತೆ ಶೇಕಡಾ 12.’

ಅದಕ್ಕೆ ಕೈಹಾಕಿದವರು ವಿಮೆಯ ಕೆಲಸದಲ್ಲಿ ಇಡೀ ಆಯುಷ್ಯ ಕಳೆದ ಒಬ್ಬ ಆಂಟಿ. ಹುಬ್ಬಳ್ಳಿಯವರು, ಡೊಂಬಿವಲಿಯಲ್ಲಿ ಮನೆ. ‘ಎಷ್ಟ್ ವರ್ಷದ ಡೇಟಾ ಇಟ್ಕೊಂಡು ಹೇಳ್ಯಾರವ್ವಾ ಇದನ್ನ?’ ಅಂದರು.

12 ಅನ್ನುವುದು ಪೀಟ್ ರೈಲಿ ಎಂಬ ವಿಜ್ಞಾನಿ 2012ರಲ್ಲಿ ಪ್ರಕಟಿಸಿದ್ದು. ಡಿಎಸ್‌ಟಿ ದಾಖಲೆ ಇರುವುದೇ 1957ರಿಂದ ಈಚೆಗೆ. ಅದರಲ್ಲಿ 850 ಮುಟ್ಟಿದ ಬಿರುಗಾಳಿ ಒಂದೂ ಇಲ್ಲ. ಅಂದಮೇಲೆ ಸಣ್ಣ, ಮಧ್ಯಮ ಬಿರುಗಾಳಿಗಳ ಸಂಖ್ಯೆ ಹೇಗೆ ಕಡಿಮೆಯಾಗುತ್ತ ಹೋಗುತ್ತದೆ ಅಂತ ನೋಡಿ, ಆ ಗೆರೆಯನ್ನು ದಾಖಲೆ ಇಲ್ಲದ ಕಡೆಗೆ ಎಳೆಯಬೇಕು. ರೈಲಿ ಅದನ್ನು ಘಾತ ನಿಯಮದ ಪ್ರಕಾರ ಎಳೆದರು. ಅಂದರೆ ಬಿರುಗಾಳಿ ಎಷ್ಟೇ ದೊಡ್ಡದಾದರೂ ಸಂಖ್ಯೆ ಅದೇ ಪ್ರಮಾಣದಲ್ಲಿ ಇಳಿಯುತ್ತ ಹೋಗುತ್ತದೆ ಅನ್ನುವ ಊಹೆ. 2019ರಲ್ಲಿ ಇನ್ನೊಂದು ತಂಡ, ದೊಡ್ಡದಾದಷ್ಟೂ ಇನ್ನೂ ಬೇಗ ಅಪರೂಪವಾಗುವ ಬೇರೊಂದು ಗೆರೆ ಹಿಡಿಯಿತು. ಅವರಿಗೆ ಬಂದದ್ದು ಶೇಕಡಾ 0.46ರಿಂದ 1.88.

12 ಎಲ್ಲಿ, 2ಕ್ಕಿಂತ ಕಡಿಮೆ ಎಲ್ಲಿ! ಆಂಟಿ ನಕ್ಕರು. ‘ಪ್ರೀಮಿಯಂ ಹಾಕೋರು 12 ಅಂತಾರ, ಕಟ್ಟೋರು ಅರ್ಧ ಅಂತಾರ.’

ಇನ್ನೊಂದು ಸೂಕ್ಷ್ಮ ಇದೆ. ಇಬ್ಬರೂ ‘ಇಂಥ ಬಿರುಗಾಳಿ’ ಅಂದದ್ದು ಮೈನಸ್ 850ಕ್ಕೆ, ಸಿಸ್ಕೋ ತಂಡದ ಸರಾಸರಿಗೆ. ಪೋಸ್ಟರಿನಲ್ಲಿ ಎಡಗಡೆ 1,760ರ ಕಂಬ, ಬಲಗಡೆ 850ರ ಸಾಧ್ಯತೆ. ಓದುವವರು ಎರಡನ್ನೂ ಸೇರಿಸಿಕೊಂಡು, 1,760ರಂಥದ್ದು ಬರುವ ಸಾಧ್ಯತೆಯೇ 12 ಅಂತ ತಿಳಿಯುತ್ತಾರೆ. ಇದನ್ನು ಯಾವ ವಿಜ್ಞಾನಿಯೂ ಹೇಳಿಲ್ಲ. ಎರಡು ಪ್ರಬಂಧಗಳ ಅಂಕಿಗಳು ಒಂದೇ ಕಾಗದದ ಮೇಲೆ ಅಕ್ಕಪಕ್ಕ ಕೂತಾಗ ಹುಟ್ಟಿದ ಹೇಳಿಕೆ ಅದು. ಪತ್ರಿಕೆಗಳಲ್ಲಿ ಬರುವ ಎಷ್ಟೋ ವಿಜ್ಞಾನ ಸುದ್ದಿ ಹೀಗೆ ಹುಟ್ಟಿದ್ದು ಅನ್ನುವ ಗುಮಾನಿ ನನಗಿದೆ.

ಎಂಜಿನಿಯರ್ ಇನ್ನೂ ಕೆಳಗಿನ ಇಟ್ಟಿಗೆಯನ್ನೇ ಎಳೆದರು. ಡಿಎಸ್‌ಟಿ ದೊಡ್ಡದಾದರೆ ಅಪಾಯ ದೊಡ್ಡದು ಅಂತ ಯಾರು ಹೇಳಿದ್ದು? ವಿದ್ಯುತ್ ತಂತಿಯಲ್ಲಿ ಬೇಡದ ಕರೆಂಟು ಹರಿಸುವುದು ಕಾಂತಕ್ಷೇತ್ರ ಎಷ್ಟು ಇಳಿಯಿತು ಅನ್ನುವುದಲ್ಲ, ಎಷ್ಟು ಬೇಗ ಬದಲಾಯಿತು ಅನ್ನುವುದು. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಪ್ರಾಂತ್ಯದ ಜಾಲ ಎರಡು ನಿಮಿಷದೊಳಗೆ ಮಲಗಿತು. ಸುಮಾರು 60 ಲಕ್ಷ ಜನರಿಗೆ ಒಂಬತ್ತು ಗಂಟೆ ಕತ್ತಲು. ಆ ಹೊತ್ತಿಗೆ ಡಿಎಸ್‌ಟಿ ತನ್ನ 589ರ ತಳ ಮುಟ್ಟಿಯೇ ಇರಲಿಲ್ಲ. ಕ್ವಿಬೆಕ್ಕನ್ನು ಕೆಡವಿದ್ದು ಉತ್ತರದ ಆಕಾಶದ ಕ್ಷಿಪ್ರ ಪ್ರವಾಹಗಳು.

ಇದರಿಂದ ಕೊಲಾಬಾದ ಜಗಳಕ್ಕೇ ಬೇರೆ ಬಣ್ಣ ಬರುತ್ತದೆ. ಆ ಚೂಪು ಕುಸಿತ ಉಂಗುರ ಪ್ರವಾಹದ್ದಲ್ಲ, ಸ್ಥಳೀಯ ಪ್ರವಾಹದ್ದು ಅಂತಾದರೆ 1859ರ ಡಿಎಸ್‌ಟಿ ಸಣ್ಣದಾಗುತ್ತದೆ, ಸರಿ. ಆದರೆ ಮುಂಬೈಯಷ್ಟು ಕೆಳಗಿನ ಅಕ್ಷಾಂಶದಲ್ಲೂ ನಿಮಿಷಗಳಲ್ಲಿ ನೂರಾರು ನ್ಯಾನೊಟೆಸ್ಲಾ ಬದಲಾಗಬಲ್ಲದು ಅಂತಲೂ ಆಗುತ್ತದೆ. ಬಿರುಗಾಳಿ ಸಣ್ಣದು ಅನ್ನುವ ವಾದವೇ ನಮ್ಮೂರಿನ ಟ್ರಾನ್ಸ್‌ಫಾರ್ಮರಿಗೆ ಕೆಟ್ಟ ಸುದ್ದಿ. ‘ಅದೇ ನಾನು ಹೇಳ್ತಿರೋದು’ ಅಂದರು ಎಂಜಿನಿಯರ್, ಹಾಗೆ ಅವರು ಮೊದಲು ಹೇಳಿರದಿದ್ದರೂ.

ಪೋಸ್ಟರ್ ಏನಾಯಿತು

ಮೂರು ಕಂಬಗಳ ಚಿತ್ರ ಹೋಯಿತು. ಹುಡುಗಿ ಅದರ ಜಾಗದಲ್ಲಿ ಕೊಲಾಬಾದ ಗೆರೆಯನ್ನೇ ದೊಡ್ಡದಾಗಿ ಬಿಡಿಸಿದಳು. ಓದಿದ ಬಿಂದುಗಳನ್ನು ಚುಕ್ಕೆಯಾಗಿ, ನಡುವಿನ ಊಹೆಯ ಗೆರೆಯನ್ನು ತುಂಡು ತುಂಡಾಗಿ. ಪಕ್ಕದಲ್ಲಿ 1,600, 850, 1,760, ಪ್ರತಿಯೊಂದರ ಕೆಳಗೂ ಅದು ಬರಲು ಏನನ್ನು ಒಪ್ಪಬೇಕು ಅಂತ ಒಂದೊಂದು ಸಾಲು. 1989ರ ಅಂಕಿ 850ರ ಪಕ್ಕದಲ್ಲಿ ಮಾತ್ರ. ಶೇಕಡಾ 12ರ ಸಾಲಿಗೆ ಎರಡನೇ ಅಂಕಿಯೂ ಸೇರಿತು.

ತೀರ್ಪುಗಾರರಲ್ಲಿ ಒಬ್ಬರು ‘ಹಾಗಾದ್ರೆ ಸರಿಯಾದ ಉತ್ತರ ಯಾವುದು?’ ಅಂತ ಕೇಳಿದರಂತೆ. ‘ಪ್ರಶ್ನೆ ಯಾವುದು ಅಂತ ಹೇಳಿ ಸರ್’ ಅಂದಳಂತೆ. ಬಹುಮಾನ ಬರಲಿಲ್ಲ. ಸ್ವಲ್ಪ ಜಂಭದ ಉತ್ತರವಾಯಿತು ಅಂತ ಅವಳಮ್ಮ ಬೈದರು. ಅದೂ ಸರಿಯೇ.

ಈಗ ಅವಳ ತಲೆಯಲ್ಲಿ ಇನ್ನೊಂದು ಹೊಕ್ಕಿದೆ. ಕೊಲಾಬಾದವರು ಸಮತಲ ಭಾಗವನ್ನಷ್ಟೇ ಅಲ್ಲ, ಸೂಜಿ ಪೂರ್ವ-ಪಶ್ಚಿಮಕ್ಕೆ ಎಷ್ಟು ವಾಲಿತು ಅನ್ನುವುದನ್ನೂ, ಲಂಬ ಭಾಗವನ್ನೂ ಬರೆದಿಟ್ಟಿದ್ದರು. 2022ರಲ್ಲಿ ಹಿಸಾಶಿ ಹಯಕಾವ ಮತ್ತಿತರರು ಮೂರನ್ನೂ ಒಟ್ಟಿಗೆ ಪ್ರಕಟಿಸಿದ್ದಾರೆ. ಸಮನಾದ ಉಂಗುರವಾದರೆ ಕ್ಷೇತ್ರವನ್ನು ಹೆಚ್ಚಾಗಿ ಉತ್ತರ-ದಕ್ಷಿಣದಲ್ಲಿ ಎಳೆಯಬೇಕು. ತಲೆಯ ಮೇಲೆ ಬೇರೆ ಕರೆಂಟು ಹಾದುಹೋಗಿದ್ದರೆ ಸೂಜಿ ಪಕ್ಕಕ್ಕೂ ವಾಲಿರಬೇಕು. ಆ ಕಾಲಂಗಳನ್ನು ಎಕ್ಸೆಲ್‌ನಲ್ಲಿ ಟೈಪ್ ಮಾಡುತ್ತಿದ್ದಾಳೆ. ಎಂಜಿನಿಯರ್ ಅವಳಿಗೆ ಒಂದು ಷರತ್ತು ಹಾಕಿದ್ದಾರೆ: ಗ್ರಾಫ್ ಬರೆಯುವ ಮೊದಲು, ಏನು ಕಂಡರೆ ಯಾರ ಪಕ್ಷ ಅಂತ ಒಂದು ಚೀಟಿಯಲ್ಲಿ ಬರೆದು ಆಂಟಿಯ ಕೈಲಿ ಕೊಟ್ಟಿರಬೇಕು. ಚೀಟಿ ಇನ್ನೂ ಬಂದಿಲ್ಲ.